ವಿಡಿಯೋ ಸುತ್ತುತ್ತಾ ನಿಂತರೆ ಮೊದಲು ಏನು ನೋಡಬೇಕು?

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಸಂಸ್ಥೆಯ ಕಾರ್ಯಕರ್ತೆಯರು ನೀಡಿದ ಮಾಹಿತಿಯ ಬರಹ ರೂಪ)



ಹಿಂದಿನ ಸಭೆಗಳಲ್ಲಿ ಉಳಿತಾಯ, ಸಾಲ ಮರುಪಾವತಿ, ಪುಸ್ತಕ ಬರೆಯುವ ಕ್ರಮ ಇವುಗಳ ಬಗ್ಗೆ ಮಾತಾಡಿದ್ದೇವೆ. ಇವತ್ತಿನ ವಿಷಯ ಸ್ವಲ್ಪ ಬೇರೆ. ಮೊಬೈಲಿನಲ್ಲಿ ವಿಡಿಯೋ ನೋಡುವಾಗ ನಡುವೆ ಒಂದು ಚಕ್ರ ಗರಗರ ಸುತ್ತುತ್ತದಲ್ಲ, ಅದರ ಬಗ್ಗೆ ಇವತ್ತು ಮಾತಾಡೋಣ. "ಇದೆಂಥ ವಿಷಯ, ಇದಕ್ಕೂ ಸಂಘಕ್ಕೂ ಏನು ಸಂಬಂಧ?" ಅಂತ ಹಿಂದೆ ಕೂತವರು ನಗುತ್ತಿದ್ದೀರಿ. ಸಂಬಂಧ ಉಂಟು. ಅದು ನಮ್ಮ ಹಣದ ಸಂಬಂಧ.

ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಅಲ್ಲಿ ಒಬ್ಬ ಅಕ್ಕ 12,000 ರೂಪಾಯಿ ಸಾಲ ಕೇಳಿದ್ದರು. ಯಾಕೆಂದು ಕೇಳಿದರೆ ಹೊಸ ಮೊಬೈಲ್ ತೆಗೆದುಕೊಳ್ಳಲು. ಅವರು ಮನೆಯಲ್ಲಿ ಬ್ಲೌಸ್ ಹೊಲಿಯುವವರು. ಕುತ್ತಿಗೆಯ ಹೊಸ ಡಿಸೈನ್‌ಗಳನ್ನು ಯೂಟ್ಯೂಬ್ ನೋಡಿ ಕಲಿಯುತ್ತಿದ್ದರು. ಬಟ್ಟೆಗೆ ಕತ್ತರಿ ಹಾಕುವ ಹೊತ್ತಿಗೆ ಸರಿಯಾಗಿ ವಿಡಿಯೋ ನಿಂತುಬಿಡುತ್ತಿತ್ತು. ಒಂದು ದಿನ ಕಾದು ಕಾದು ಬೇಸರವಾಗಿ ಅಂದಾಜಿನ ಮೇಲೆ ಕತ್ತರಿಸಿದರು. ಗಿರಾಕಿಯ ಮದುವೆ ಬ್ಲೌಸಿನ ಬಟ್ಟೆ ಹಾಳಾಯಿತು. ಆ ಬಟ್ಟೆಯ ಹಣವನ್ನು ಕೈಯಿಂದ ಕೊಡಬೇಕಾಯಿತು. "ಈ ಫೋನ್ ಇಟ್ಟುಕೊಂಡರೆ ನನಗೆ ನಷ್ಟವೇ" ಎಂದು ಅವರು ಸಭೆಯಲ್ಲಿ ಕಣ್ಣೀರು ಹಾಕಿದರು.

ಸಾಲ ಕೊಡಲು ಎಲ್ಲರೂ ಒಪ್ಪಿದ್ದರು. ಆಗ ಹಿರಿಯ ಸದಸ್ಯೆಯೊಬ್ಬರು ಒಂದು ಪ್ರಶ್ನೆ ಕೇಳಿದರು. "ಫೋನೇ ಹಾಳು ಅಂತ ನಿನಗೆ ಹೇಳಿದ್ದು ಯಾರು?" ಯಾರೂ ಹೇಳಿರಲಿಲ್ಲ. ಅದು ಅವರೇ ಅಂದುಕೊಂಡದ್ದು. ಹಸು ಹಾಲು ಕಡಿಮೆ ಕೊಟ್ಟರೆ ನಾವು ಕೂಡಲೇ ಹೊಸ ಹಸು ತರುತ್ತೇವೆಯೇ? ಮೇವು ನೋಡುತ್ತೇವೆ, ನೀರು ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ, ಆಮೇಲೆ ಡಾಕ್ಟರನ್ನು ಕರೆಯುತ್ತೇವೆ. ಮೊಬೈಲಿಗೂ ಅದೇ ಕ್ರಮ. ಒಂದು ವಾರ ಬಿಟ್ಟು ಸಾಲದ ತೀರ್ಮಾನ ಮಾಡೋಣವೆಂದು ಸಂಘದವರು ನಿರ್ಣಯ ಬರೆದರು. ಮರುದಿನ ನಾವು ಅವರ ಮನೆಗೆ ಹೋದೆವು. ಅಲ್ಲಿ ಏನು ಕಂಡೆವು ಎನ್ನುವುದನ್ನು ಕೊನೆಗೆ ಹೇಳುತ್ತೇವೆ. ಅದಕ್ಕೆ ಮೊದಲು ವಿಡಿಯೋ ಯಾಕೆ ನಿಲ್ಲುತ್ತದೆ ಎನ್ನುವುದು ನಮಗೆ ಅರ್ಥವಾಗಬೇಕು.

ನಲ್ಲಿ ಮತ್ತು ಡ್ರಮ್ಮು

ಪಂಚಾಯತಿನ ನಲ್ಲಿ ನೀರು ನಿಮಗೆಲ್ಲ ಗೊತ್ತು. ಒಮ್ಮೆ ಜೋರಾಗಿ ಬರುತ್ತದೆ, ಒಮ್ಮೆ ಸಣ್ಣಗೆ ಬರುತ್ತದೆ. ಹಾಗಾಗಿ ನಾವು ನೀರನ್ನು ಡ್ರಮ್ಮಿನಲ್ಲಿ ತುಂಬಿಸಿಟ್ಟು, ಡ್ರಮ್ಮಿನಿಂದ ಮೊಗೆದು ಬಳಸುತ್ತೇವೆ. ನಲ್ಲಿ ಐದು ನಿಮಿಷ ನಿಂತರೂ ಅಡುಗೆ ನಿಲ್ಲುವುದಿಲ್ಲ.

ವಿಡಿಯೋ ಕೂಡ ಹಾಗೆಯೇ. ಅದು ಇಡಿಯಾಗಿ ಒಮ್ಮೆಲೇ ಬರುವುದಿಲ್ಲ. ಕೆಲವು ಸೆಕೆಂಡುಗಳ ಸಣ್ಣ ಸಣ್ಣ ತುಂಡುಗಳಾಗಿ ಬರುತ್ತದೆ. ಮುಂದಿನ ತುಂಡುಗಳನ್ನು ಫೋನ್ ಮೊದಲೇ ತರಿಸಿ ತನ್ನ ಡ್ರಮ್ಮಿನಲ್ಲಿ ಇಟ್ಟುಕೊಳ್ಳುತ್ತದೆ. ಆ ಡ್ರಮ್ಮಿಗೆ ಬಫರ್ ಎಂದು ಹೆಸರು. ನಾವು ನೋಡುವುದು ಡ್ರಮ್ಮಿನಲ್ಲಿ ಇರುವುದನ್ನು. ಬರುವುದಕ್ಕಿಂತ ಬೇಗ ಖರ್ಚಾದರೆ ಡ್ರಮ್ಮು ಖಾಲಿ. ಆಗ ಚಕ್ರ ಸುತ್ತುತ್ತದೆ. "ತಾಳಿ, ಡ್ರಮ್ಮು ತುಂಬಿಸ್ತಾ ಇದ್ದೇನೆ" ಎಂದು ಫೋನ್ ಹೇಳುವ ಭಾಷೆ ಅದು. ಇದಕ್ಕೇ ಬಫರಿಂಗ್ ಎನ್ನುತ್ತಾರೆ.

ಈಗ ಯೋಚಿಸಿ. ಡ್ರಮ್ಮಿಗೆ ನೀರು ಬರದಿದ್ದರೆ ಡ್ರಮ್ಮಿನದೇ ತಪ್ಪೇ? ಮೇಲಿನ ಟ್ಯಾಂಕ್ ಖಾಲಿ ಇರಬಹುದು. ದಾರಿಯಲ್ಲಿ ಪೈಪ್ ಒಡೆದಿರಬಹುದು. ಪಕ್ಕದ ಮನೆಯವರು ಅದೇ ಹೊತ್ತಿಗೆ ತೋಟಕ್ಕೆ ನೀರು ಬಿಟ್ಟಿರಬಹುದು. ನಮ್ಮದೇ ಅಂಗಳದ ಪೈಪಿನಲ್ಲಿ ಕಸ ಕಟ್ಟಿರಬಹುದು. ಎಲ್ಲ ಸರಿ ಇದ್ದು ಡ್ರಮ್ಮೇ ತೂತಾಗಿರಬಹುದು. ವಿಡಿಯೋ ನಿಲ್ಲುವುದಕ್ಕೂ ಹೀಗೆ ಐದಾರು ಜಾಗಗಳಿವೆ. ತಡೆ ಎಲ್ಲಿದೆ ಎಂದು ನೋಡದೆ ಹಣ ಹಾಕಿದರೆ, ಪೈಪ್ ಒಡೆದಿರುವಾಗ ಹೊಸ ಡ್ರಮ್ಮು ತಂದ ಹಾಗಾಗುತ್ತದೆ.

ಎಷ್ಟು ವೇಗ ಬೇಕು?

ನೆಟ್ಟಿನ ವೇಗವನ್ನು ಎಂಬಿಪಿಎಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹೆಸರಿಗೆ ಹೆದರಬೇಡಿ. ಲೀಟರ್, ಕಿಲೋ ಇದ್ದ ಹಾಗೆ ಅದೂ ಒಂದು ಅಳತೆ. ಯೂಟ್ಯೂಬಿನವರೇ ತಿಳಿಸಿರುವ ಲೆಕ್ಕ ಹೀಗಿದೆ. ಚಿತ್ರದ ಗುಣಮಟ್ಟ 360 ಇದ್ದರೆ ಸುಮಾರು 0.7 ಎಂಬಿಪಿಎಸ್ ಸಾಕು. 480ಕ್ಕೆ 1.1, 720ಕ್ಕೆ 2.5, 1080ಕ್ಕೆ 5 ಬೇಕು. ದೊಡ್ಡ ಟಿವಿಯಲ್ಲಿ ನೋಡುವ 4ಕೆ ಚಿತ್ರಕ್ಕೆ 20 ಬೇಕು.

ಇದರಿಂದ ಏನು ತಿಳಿಯಿತು? ಅಂಗೈಯಷ್ಟು ಪರದೆಯಲ್ಲಿ ಹೊಲಿಗೆ ಕಲಿಯಲು, ಮಕ್ಕಳ ಪಾಠ ಕೇಳಲು 480 ಧಾರಾಳ ಸಾಕು. ಅದಕ್ಕೆ ಬಹಳ ವೇಗದ ನೆಟ್ಟೂ ಬೇಡ, ದುಬಾರಿ ಫೋನೂ ಬೇಡ.

ಡೇಟಾ ಖರ್ಚಿನ ಲೆಕ್ಕವನ್ನೂ ನೋಡೋಣ. ಈ ವೇಗದಲ್ಲಿ ಒಂದು ಗಂಟೆ ಪೂರ್ತಿ ಬಂದರೆ 480ರಲ್ಲಿ ಸುಮಾರು ಅರ್ಧ ಜಿಬಿ, 720ರಲ್ಲಿ ಒಂದು ಜಿಬಿಗಿಂತ ಸ್ವಲ್ಪ ಹೆಚ್ಚು, 1080ರಲ್ಲಿ ಎರಡು ಜಿಬಿಗಿಂತ ಹೆಚ್ಚು ಖರ್ಚಾಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಲಾನ್ ಇರುವ ಮನೆಯಲ್ಲಿ ಮಗ 1080ರಲ್ಲಿ ಒಂದು ಕ್ರಿಕೆಟ್ ವಿಡಿಯೋ ನೋಡಿದರೆ ಆ ದಿನದ ಕತೆ ಮುಗಿಯಿತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಏನಾಯಿತು ಗೊತ್ತೇ? ಇಡೀ ದೇಶ ಮನೆಯಲ್ಲಿ ಕೂತು ವಿಡಿಯೋ ನೋಡಲು ಶುರುಮಾಡಿತು. ಆಗ ನಮ್ಮ ದೇಶದಲ್ಲಿ ವಿಡಿಯೋ ಕೊಡುವ ದೊಡ್ಡ ಕಂಪೆನಿಗಳೆಲ್ಲ ಕೂಡಿ, ಮೊಬೈಲ್ ನೆಟ್ಟಿನಲ್ಲಿ ಸ್ವಲ್ಪ ಕಾಲ 480ಕ್ಕಿಂತ ಹೆಚ್ಚಿನ ಗುಣಮಟ್ಟ ಕೊಡುವುದಿಲ್ಲವೆಂದು ತೀರ್ಮಾನಿಸಿದವು. ದಾರಿ ಕಿರಿದಾಗಿದ್ದಾಗ ಹೊರೆ ಇಳಿಸಬೇಕು ಎನ್ನುವುದು ದೊಡ್ಡ ಕಂಪೆನಿಗಳಿಗೂ ಗೊತ್ತಿರುವ ಉಪಾಯ. ನಾವೂ ಅದನ್ನು ಮನೆಯಲ್ಲಿ ಮಾಡಬಹುದು.

ಒಂದೊಂದಾಗಿ ನೋಡುವ ಕ್ರಮ

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ನಿಯಮ ಮಾತ್ರ ಮರೆಯಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸಾರಿಗೆ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಹಾಕಿದರೆ ಯಾವುದು ಹೆಚ್ಚಾಯಿತೆಂದು ಗೊತ್ತಾಗುವುದಿಲ್ಲ. ಹಾಗೆಯೇ ಇದೂ.

ಒಂದನೆಯದು: ಒಂದೇ ವಿಡಿಯೋ ನಿಲ್ಲುತ್ತದೆಯೇ, ಎಲ್ಲವೂ ನಿಲ್ಲುತ್ತವೆಯೇ? ಬೇರೆ ವಿಡಿಯೋ ಹಾಕಿ ನೋಡಿ. ಬೇರೆ ಆ್ಯಪ್ ತೆರೆದು ನೋಡಿ. ಒಂದು ಆ್ಯಪಿನಲ್ಲಿ ಮಾತ್ರ ತೊಂದರೆ ಇದ್ದು ಉಳಿದವು ಸರಾಗ ಓಡಿದರೆ, ತೊಂದರೆ ಆ ಆ್ಯಪಿನ ಕಡೆ ಇರಬಹುದು. ಆ್ಯಪನ್ನು ಅಪ್‌ಡೇಟ್ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ನೀವು ಮತ್ತೇನೂ ಮಾಡುವ ಅಗತ್ಯ ಇಲ್ಲ.

ಎರಡನೆಯದು: ಒಂದೇ ಫೋನಿನಲ್ಲಿ ತೊಂದರೆಯೇ, ಎಲ್ಲ ಫೋನಿನಲ್ಲೂ ಉಂಟೇ? ಮನೆಯಲ್ಲಿ ಇನ್ನೊಂದು ಫೋನ್ ಇದ್ದರೆ ಅದೇ ಜಾಗದಲ್ಲಿ, ಅದೇ ನೆಟ್ಟಿನಲ್ಲಿ, ಅದೇ ವಿಡಿಯೋ ಹಾಕಿ. ಎರಡೂ ನಿಂತರೆ ಫೋನಿನ ತಪ್ಪಲ್ಲ. ಒಂದೇ ನಿಂತರೆ ಆಗ ಆ ಫೋನನ್ನು ನೋಡೋಣ. ಹಣ ಖರ್ಚಿಲ್ಲದೆ ಎರಡು ನಿಮಿಷದಲ್ಲಿ ಆಗುವ ಈ ಪರೀಕ್ಷೆ ಎಲ್ಲಕ್ಕಿಂತ ದೊಡ್ಡದು.

ಮೂರನೆಯದು: ಇವತ್ತಿನ ಡೇಟಾ ಉಳಿದಿದೆಯೇ? ದಿನದ ಡೇಟಾ ಮುಗಿದ ಮೇಲೂ ನೆಟ್ ಪೂರ್ತಿ ನಿಲ್ಲುವುದಿಲ್ಲ. ಹಲವು ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ 360ರ ಚಿತ್ರಕ್ಕೆ ಬೇಕಾದ ವೇಗದ ಹನ್ನೊಂದನೇ ಒಂದು ಪಾಲು. ಒಂದು ನಿಮಿಷದ ವಿಡಿಯೋ ಬರಲು ಹತ್ತು-ಹನ್ನೊಂದು ನಿಮಿಷ ಬೇಕು. ವಾಟ್ಸಾಪ್ ಅಕ್ಷರ ಹೋಗುತ್ತದೆ, ವಿಡಿಯೋ ಮಾತ್ರ ಬರುವುದಿಲ್ಲ. "ನೆಟ್ ಉಂಟಲ್ಲ, ಮತ್ತೆ ಯಾಕೆ ಬರುವುದಿಲ್ಲ?" ಎಂದು ಕೇಳುವ ಹೆಚ್ಚಿನವರ ತೊಂದರೆ ಇದೇ. ಬೆಳಿಗ್ಗೆ ಚೆನ್ನಾಗಿ ಓಡಿ ಸಂಜೆ ನಿಂತರೆ ಮೊದಲು ಇದನ್ನು ನೋಡಿ. ಕಂಪೆನಿಯ ಆ್ಯಪಿನಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುತ್ತದೆ, ಮೆಸೇಜು ಕೂಡ ಬಂದಿರುತ್ತದೆ. ಮನೆಯ ವೈಫೈ ಪ್ಲಾನ್‌ಗಳಲ್ಲೂ ತಿಂಗಳ ಮಿತಿ ಇರುತ್ತದೆ. "ಅನ್‌ಲಿಮಿಟೆಡ್" ಎಂದು ಬರೆದಿದ್ದರೂ ಎಷ್ಟು ಜಿಬಿಯ ನಂತರ ವೇಗ ಇಳಿಯುತ್ತದೆ ಎಂದು ಕೇಳಿಯೇ ಹಣ ಕಟ್ಟಿ.

ನಾಲ್ಕನೆಯದು: ವೈಫೈಯಲ್ಲಿ ತೊಂದರೆಯೇ, ಸಿಮ್ಮಿನ ನೆಟ್ಟಿನಲ್ಲಿ ತೊಂದರೆಯೇ? ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಆಮೇಲೆ ಅದನ್ನು ಆಫ್ ಮಾಡಿ ವೈಫೈಯಲ್ಲಿ ನೋಡಿ. ಯಾವ ದಾರಿಯಲ್ಲಿ ತಡೆ ಎಂದು ತಿಳಿಯುತ್ತದೆ. ಎರಡು ಸಿಮ್ ಇರುವ ಫೋನಾದರೆ ಡೇಟಾ ಯಾವ ಸಿಮ್ಮಿನಲ್ಲಿ ಹೋಗುತ್ತಿದೆ ಎಂದೂ ನೋಡಿ. ರೀಚಾರ್ಜ್ ಮಾಡಿದ್ದು ಒಂದು ಸಿಮ್ಮಿಗೆ, ಡೇಟಾ ಇಟ್ಟದ್ದು ಇನ್ನೊಂದು ಸಿಮ್ಮಿನಲ್ಲಿ. ಹೀಗೆ ಆಗಿದ್ದನ್ನು ನಾವೇ ಕಂಡಿದ್ದೇವೆ.

ಐದನೆಯದು: ಜಾಗ ಬದಲಿಸಿ. ನಮ್ಮ ಕಡೆಯ ಕೆಂಪುಕಲ್ಲಿನ ದಪ್ಪ ಗೋಡೆ, ಕಾಂಕ್ರೀಟು ತಾರಸಿ, ತಗಡಿನ ಮಾಡು ಇವೆಲ್ಲ ಸಿಗ್ನಲ್ಲನ್ನು ತಡೆಯುತ್ತವೆ. ಒಳಕೋಣೆ ಬಿಟ್ಟು ಜಗಲಿಗೆ ಬನ್ನಿ, ಅಂಗಳಕ್ಕೆ ಬನ್ನಿ, ಟವರ್ ಇರುವ ಕಡೆಯ ಕಿಟಕಿ ಹತ್ತಿರ ನಿಂತು ನೋಡಿ. 2020 ಮತ್ತು 2021ರಲ್ಲಿ ಶಾಲೆ ಮುಚ್ಚಿದ್ದಾಗ ಸುಳ್ಯದ ಕಡೆ, ಮಲೆನಾಡಿನ ಕಡೆ ನಮ್ಮ ಮಕ್ಕಳು ಗುಡ್ಡ ಹತ್ತಿ, ಮಳೆಗೆ ಟಾರ್ಪಾಲು ಕಟ್ಟಿ ಪಾಠ ಕೇಳಿದ್ದನ್ನು ನಾವು ಮರೆತಿಲ್ಲ. ಆ ಮಕ್ಕಳ ಫೋನ್ ಹಾಳಾಗಿರಲಿಲ್ಲ. ಗುಡ್ಡ ಅಡ್ಡ ಇತ್ತು, ಅಷ್ಟೇ.

ಮನೆಯೊಳಗಿನ ವೈಫೈ

ಈಗ ಹಳ್ಳಿಗಳಲ್ಲೂ ಫೈಬರ್ ವಯರ್ ಎಳೆದು ವೈಫೈ ಹಾಕಿಸಿದವರು ಇದ್ದೀರಿ. ವಯರ್ ಬಂದ ಮೂಲೆಯಲ್ಲೇ ಪೆಟ್ಟಿಗೆ ಕೂರಿಸಿ ಹೋಗುತ್ತಾರೆ. ನಾವು ಅದರ ಮುಂದೆ ಕಪಾಟು ಇಡುತ್ತೇವೆ, ಮೇಲೆ ಬಟ್ಟೆ ಹೊದಿಸುತ್ತೇವೆ, ಟಿವಿಯ ಹಿಂದೆ ತಳ್ಳುತ್ತೇವೆ. ಸ್ಟೀಲ್ ಕಪಾಟು, ದೊಡ್ಡ ಕನ್ನಡಿ, ಫ್ರಿಜ್ಜು, ನೀರಿನ ಟ್ಯಾಂಕು ಇವು ವೈಫೈಗೆ ಗೋಡೆಗಿಂತ ದೊಡ್ಡ ಗೋಡೆ. ದೀಪವನ್ನು ಕಪಾಟಿನ ಹಿಂದೆ ಇಟ್ಟು ಬೆಳಕು ಬೇಕೆಂದರೆ ಆಗುತ್ತದೆಯೇ? ವೈಫೈ ಪೆಟ್ಟಿಗೆಯನ್ನು ದೀಪದ ಹಾಗೆ ಎಣಿಸಿ. ಮನೆಯ ನಡುವೆ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇಡಿ.

ಹಲವು ಪೆಟ್ಟಿಗೆಗಳಲ್ಲಿ ಎರಡು ಹೆಸರು ಕಾಣುತ್ತವೆ. ಒಂದರ ಕೊನೆಯಲ್ಲಿ 5ಜಿ ಎಂದು ಇರುತ್ತದೆ. ಇದು 2022ರ ಅಕ್ಟೋಬರಿನಲ್ಲಿ ನಮ್ಮ ದೇಶಕ್ಕೆ ಬಂದ ಮೊಬೈಲಿನ 5ಜಿ ಅಲ್ಲ, ಬೇರೆಯೇ. ಇದು ವೇಗ ಹೆಚ್ಚು ಕೊಡುತ್ತದೆ, ಆದರೆ ದೂರ ಹೋಗುವುದಿಲ್ಲ, ಗೋಡೆ ದಾಟಲು ಕಷ್ಟಪಡುತ್ತದೆ. ಇನ್ನೊಂದು ನಿಧಾನ, ಆದರೆ ದೂರ ಹೋಗುತ್ತದೆ. ಪೆಟ್ಟಿಗೆ ಇರುವ ಕೋಣೆಯಲ್ಲಿ ಕೂತಿದ್ದರೆ 5ಜಿ ಹೆಸರಿಗೆ ಸೇರಿಸಿ. ದೂರದ ಕೋಣೆಯಲ್ಲಿದ್ದರೆ ಇನ್ನೊಂದಕ್ಕೆ ಸೇರಿಸಿ ನೋಡಿ.

ನಿಧಾನವಾದರೆ ಪೆಟ್ಟಿಗೆಯ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ. ಎರಡು-ಮೂರು ನಿಮಿಷ ಕಾಯಿರಿ. ಎಷ್ಟೋ ಸಲ ಇಷ್ಟರಲ್ಲೇ ಸರಿಯಾಗುತ್ತದೆ. ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತಿದ್ದರೆ ಹೊರಗಿನ ವಯರಿನಲ್ಲಿ ತೊಂದರೆ ಇರುವ ಸಂಭವ ಹೆಚ್ಚು. ಇಲಿ ಕಡಿದಿರಬಹುದು, ಗೆಲ್ಲು ಬಿದ್ದಿರಬಹುದು. ಆ ವಯರನ್ನು ನೀವು ಬಿಚ್ಚಬೇಡಿ, ಮಡಚಬೇಡಿ, ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬೇಡಿ. ಕಾಣದ ಬೆಳಕು ಅದರಲ್ಲಿ ಹರಿಯುತ್ತದೆ, ಕಣ್ಣಿಗೆ ಅಪಾಯ. ಲೈನಿನವರಿಗೆ ಫೋನ್ ಮಾಡಿ.

ಪಾಸ್‌ವರ್ಡ್ ಯಾರ ಯಾರ ಹತ್ತಿರ ಉಂಟು ಎಂದೂ ಯೋಚಿಸಿ. ಒಂದು ಮನೆಯ ನೆಟ್ಟಿನಲ್ಲಿ ನಾಲ್ಕು ಮನೆ ವಿಡಿಯೋ ನೋಡಿದರೆ ಯಾರಿಗೂ ಸರಿಯಾಗಿ ಬರುವುದಿಲ್ಲ. ಬೇಸರ ಮಾಡಿಸದೆ ಪಾಸ್‌ವರ್ಡ್ ಬದಲಿಸಬಹುದು.

ಫೋನಿನದೇ ತೊಂದರೆಯಾದರೆ

ಎರಡನೇ ಪರೀಕ್ಷೆಯಲ್ಲಿ ನಿಮ್ಮ ಫೋನ್ ಮಾತ್ರ ನಿಂತಿತು ಎಂದಿಟ್ಟುಕೊಳ್ಳಿ. ಆಗಲೂ ಕೂಡಲೇ ಅಂಗಡಿಗೆ ಓಡಬೇಡಿ. ಫೋನನ್ನು ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಒಳಗೆ ಜಾಗ ಉಂಟೇ ನೋಡಿ. "ಶುಭೋದಯ"ದ ಫೋಟೋಗಳು, ಫಾರ್ವರ್ಡ್ ಬಂದ ವಿಡಿಯೋಗಳು ತುಂಬಿದ್ದರೆ ಡ್ರಮ್ಮು ಇಡಲೂ ಜಾಗ ಇರುವುದಿಲ್ಲ. ಬೇಡದ್ದನ್ನು ಅಳಿಸಿ. ವಾಟ್ಸಾಪಿನಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಅದರಿಂದ ಜಾಗವೂ ಉಳಿಯುತ್ತದೆ, ಡೇಟಾವೂ ಉಳಿಯುತ್ತದೆ. ಸೆಟ್ಟಿಂಗಿನಲ್ಲಿ ನೆಟ್‌ವರ್ಕ್ ವಿಧ 2ಜಿ ಅಥವಾ 3ಜಿಗೆ ನಿಂತಿದ್ದರೆ 4ಜಿಗೆ ಬದಲಿಸಿ. ನಾವು ಒಂದು ವಿಡಿಯೋ ನೋಡುವಾಗ ಹಿಂದೆ ಬೇರೆ ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿದ್ದರೆ ಅವನ್ನು ರಾತ್ರಿಗೆ ಬಿಡಿ.

ಆಮೇಲೆ ಗುಣಮಟ್ಟ ಇಳಿಸಿ. ವಿಡಿಯೋದ ಮೂಲೆಯಲ್ಲಿ ಚಕ್ರದ ಹಲ್ಲಿನಂಥ ಗುರುತು ಉಂಟಲ್ಲ, ಅದನ್ನು ಒತ್ತಿದರೆ ಗುಣಮಟ್ಟ ಆರಿಸಬಹುದು. 480 ಅಥವಾ 360 ಆರಿಸಿ. ಸೂಜಿಯ ನೂಲು ಕಾಣುವಷ್ಟು ಚಿತ್ರ ಬೇಕೆಂದಾಗ ಮಾತ್ರ ಮೇಲೆ ಹೋಗಿ.

ಸಿಗ್ನಲ್ ಇಲ್ಲದ ಮನೆಯವರಿಗೆ ಇನ್ನೊಂದು ಉಪಾಯ ಉಂಟು. ಯೂಟ್ಯೂಬಿನ ಎಷ್ಟೋ ವಿಡಿಯೋಗಳ ಕೆಳಗೆ ಡೌನ್‌ಲೋಡ್ ಎಂದು ಇರುತ್ತದೆ. ಪೇಟೆಗೆ ಬಂದಾಗಲೋ, ಸಂಘದ ಸಭೆಗೆ ಬಂದಾಗಲೋ, ಸಿಗ್ನಲ್ ಚೆನ್ನಾಗಿರುವ ಕಡೆ ಇಳಿಸಿಕೊಂಡು ಹೋಗಿ. ಮನೆಯಲ್ಲಿ ನೆಟ್ ಇಲ್ಲದೆಯೂ ನಿಲ್ಲದೆ ಓಡುತ್ತದೆ. ಮಕ್ಕಳ ಪಾಠಕ್ಕೆ ಸರಕಾರದ ದೀಕ್ಷಾ ಆ್ಯಪ್ ಉಂಟು, ಅದರಲ್ಲೂ ಪಾಠಗಳನ್ನು ಇಳಿಸಿ ಇಟ್ಟುಕೊಳ್ಳಬಹುದು. ಕೊಡದಲ್ಲಿ ನೀರು ಹೊತ್ತು ತಂದ ಹಾಗೆ ಇದು. ನಮಗೇನು, ನೀರು ಹೊತ್ತು ಅಭ್ಯಾಸ ಇಲ್ಲವೇ!

ಆದರೆ ಗೂಗಲ್ ಮೀಟ್, ವಾಟ್ಸಾಪ್ ವಿಡಿಯೋ ಕರೆ ಇವುಗಳ ವಿಷಯ ಬೇರೆ. ಅಲ್ಲಿ ಮಾತು ಆಗಿಂದಾಗ ನಡೆಯುವುದರಿಂದ ಡ್ರಮ್ಮು ತುಂಬಿಸಿ ಇಡಲು ಆಗುವುದಿಲ್ಲ. ಮೇಲಾಗಿ ನಮ್ಮ ಚಿತ್ರವೂ ಅತ್ತ ಹೋಗಬೇಕು. ತರಬೇತಿ ಕೇಳುವಾಗ ತುಂಡು ತುಂಡಾದರೆ ನಮ್ಮ ಕ್ಯಾಮರಾ ಆಫ್ ಮಾಡಿ, ಧ್ವನಿ ಮಾತ್ರ ಇಡಿ. ಅರ್ಧ ಹೊರೆ ಇಳಿಯುತ್ತದೆ.

ಟವರಿನ ತೊಂದರೆ, ದೂರು ಕೊಡುವ ಕ್ರಮ

ಎಲ್ಲ ನೋಡಿದ ಮೇಲೂ ಮನೆಯ ಎಲ್ಲ ಫೋನಿನಲ್ಲಿ, ಜಗಲಿಯಲ್ಲಿ, ಅಂಗಳದಲ್ಲಿ ನಿಲ್ಲುತ್ತಿದ್ದರೆ ತಡೆ ಮೇಲೆ ಉಂಟು. ರಾತ್ರಿ ಎಂಟು-ಒಂಬತ್ತಕ್ಕೆ ಎಲ್ಲರೂ ಒಟ್ಟಿಗೆ ನೋಡುವಾಗ ಒಂದೇ ಟವರಿನ ನೆಟ್ ಎಲ್ಲರಿಗೆ ಹಂಚಿಹೋಗುತ್ತದೆ. ಅಂಥವರು ಬೆಳಗ್ಗೆ ಬೇಗ ನೋಡಿ ಕಲಿಯಬಹುದು. ಮಳೆಗಾಲದಲ್ಲಿ ಕರೆಂಟು ಹೋಗಿ ದಿನವಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಗ ಕಾಯುವುದೇ ದಾರಿ.

ಆದರೆ ದಿನವೂ ಹೀಗೆ ಇದ್ದರೆ ಸುಮ್ಮನಿರಬೇಡಿ. ಹಣ ಕೊಟ್ಟಿದ್ದೇವೆ, ಕೇಳುವ ಹಕ್ಕು ನಮಗೆ ಉಂಟು. ಬ್ರಾಡ್‌ಬ್ಯಾಂಡ್ ಎಂದು ಕರೆಯಬೇಕಾದರೆ ಕನಿಷ್ಠ 2 ಎಂಬಿಪಿಎಸ್ ವೇಗ ಇರಬೇಕೆಂದು 2023ರ ಜನವರಿಯಲ್ಲಿ ಕೇಂದ್ರ ಸರಕಾರ ನಿಗದಿ ಮಾಡಿದೆ. ಅದಕ್ಕೆ ಮೊದಲು ಇದ್ದದ್ದು ಅರ್ಧ ಎಂಬಿಪಿಎಸ್ ಮಾತ್ರ. ವೇಗ ಅಳೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ಮೈಸ್ಪೀಡ್ ಎಂಬ ಆ್ಯಪ್ ಇದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಸಲ ಅಳೆದು ತಾರೀಕು ಹಾಕಿ ಬರೆದಿಡಿ. ಮತ್ತೆ ಮತ್ತೆ ಅಳೆಯಬೇಡಿ, ಅಳೆಯುವುದಕ್ಕೂ ಡೇಟಾ ಖರ್ಚಾಗುತ್ತದೆ.

ಆಮೇಲೆ 198ಕ್ಕೆ ಫೋನ್ ಮಾಡಿ ನಿಮ್ಮ ಮೊಬೈಲ್ ಕಂಪೆನಿಗೆ ದೂರು ಕೊಡಿ. ಈ ಕರೆಗೆ ಹಣ ಇಲ್ಲ. ದೂರಿನ ನಂಬರ್ ಕೇಳಿ ಪಡೆದು ಬರೆದುಕೊಳ್ಳಿ. ನಂಬರ್ ಇಲ್ಲದ ದೂರು ರಶೀದಿ ಇಲ್ಲದ ಕಂತಿನ ಹಾಗೆ, ನಾಳೆ ಕೇಳಲು ಆಧಾರ ಇರುವುದಿಲ್ಲ. ಅವರ ಉತ್ತರ ಸಮಾಧಾನ ಕೊಡದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಕೊಡಬಹುದು. ಒಬ್ಬರು ಕೇಳುವುದಕ್ಕಿಂತ ಸಂಘದ ಹತ್ತು ಜನ ಅದೇ ಊರಿನಿಂದ ದೂರು ಕೊಟ್ಟರೆ ಬೆಲೆ ಹೆಚ್ಚು. ಸಂಘ ಕಟ್ಟಿದ್ದು ಮತ್ತೆ ಯಾತಕ್ಕೆ?

ಒಂದು ಎಚ್ಚರಿಕೆ

"ನಿಮ್ಮ ನೆಟ್ ವೇಗ ಮಾಡಿಕೊಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಅದರಲ್ಲಿ ಬರುವ ನಂಬರ್ ಹೇಳಿ" ಎಂದು ಯಾರಾದರೂ ಫೋನ್ ಮಾಡಿದರೆ ಒಪ್ಪಬೇಡಿ. ದೂರದಲ್ಲಿ ಕೂತು ನಿಮ್ಮ ಫೋನಿನ ಪರದೆ ನೋಡುವ ಆ್ಯಪ್‌ಗಳು ಇವೆ. ಇವುಗಳ ಮೂಲಕ ಖಾತೆಯ ಹಣ ತೆಗೆಯುತ್ತಾರೆಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ನಮ್ಮಲ್ಲಿ ಅಧ್ಯಕ್ಷೆ, ಕಾರ್ಯದರ್ಶಿ, ಕೋಶಾಧಿಕಾರಿಯ ಫೋನಿಗೆ ಸಂಘದ ಬ್ಯಾಂಕ್ ಮೆಸೇಜುಗಳು ಬರುತ್ತವೆ. ಒಬ್ಬರು ಮೋಸ ಹೋದರೆ ಎಲ್ಲರ ಉಳಿತಾಯ ಹೋದೀತು. ಒಟಿಪಿ ಯಾರಿಗೂ ಹೇಳಬೇಡಿ. ಮೋಸ ಆದರೆ ನಾಚಿಕೆಪಟ್ಟು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಆ ಅಕ್ಕನ ಮನೆಯಲ್ಲಿ ಕಂಡದ್ದು

ಈಗ ಆ ಅಕ್ಕನ ಮನೆಗೆ ಹೋಗೋಣ. ನಾವು ಹೋದಾಗ ಅವರು ಹಿಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದರು. ಬೇರೆ ವಿಡಿಯೋ ಹಾಕಿದೆವು, ನಿಂತಿತು. ನಮ್ಮ ಫೋನನ್ನು ಅವರ ವೈಫೈಗೆ ಸೇರಿಸಿ ಅದೇ ಕೋಣೆಯಲ್ಲಿ ಹಾಕಿದೆವು, ಅದೂ ನಿಂತಿತು. ಅವರ ಮುಖ ಆಗಲೇ ಬದಲಾಯಿತು. ಅವರ ಫೋನ್ ಹಿಡಿದು ಚಾವಡಿಗೆ ಬಂದೆವು. ಅದೇ ಫೋನ್, ಅದೇ ವಿಡಿಯೋ, ಒಂದು ಸಲವೂ ನಿಲ್ಲದೆ ಓಡಿತು.

ವೈಫೈ ಪೆಟ್ಟಿಗೆ ಚಾವಡಿಯಲ್ಲಿ ಸ್ಟೀಲ್ ಕಪಾಟಿನ ಹಿಂದೆ ಇತ್ತು. ನಡುವೆ ಎರಡು ಕೆಂಪುಕಲ್ಲಿನ ಗೋಡೆ. ಕಪಾಟು ತಂದದ್ದು ಯಾವಾಗ ಎಂದು ಕೇಳಿದರೆ, ಎರಡು ತಿಂಗಳ ಹಿಂದೆ. ವಿಡಿಯೋ ನಿಲ್ಲಲು ಶುರುವಾದದ್ದೂ ಆಗಲೇ. ಪೆಟ್ಟಿಗೆಯನ್ನು ಕಪಾಟಿನ ಹಿಂದಿನಿಂದ ತೆಗೆದು, ನಡುಕೋಣೆಯ ಬಾಗಿಲ ಮೇಲಿನ ಹಲಗೆಗೆ ಏರಿಸಬೇಕಿತ್ತು. ಲೈನಿನ ಹುಡುಗ ಬಂದು ಅಷ್ಟು ಉದ್ದಕ್ಕೆ ವಯರ್ ಎಳೆದುಕೊಟ್ಟ. ಗುಣಮಟ್ಟ 480ಕ್ಕೆ ಇಟ್ಟೆವು. ಹಿಂದಿನ ಕೋಣೆಯಲ್ಲಿ ವಿಡಿಯೋ ಓಡಿತು.

12,000 ರೂಪಾಯಿ ಸಾಲವನ್ನು ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಯಲ್ಲಿ, ಸಾವಿರದಂತೆ ಹನ್ನೆರಡು ಕಂತಿನಲ್ಲಿ ಕಟ್ಟಿದ್ದರೆ ಬಡ್ಡಿಯೇ 780 ರೂಪಾಯಿ ಆಗುತ್ತಿತ್ತು. ಆ ಹೊಸ ಫೋನ್ ಬಂದು ಅದೇ ಹಿಂದಿನ ಕೋಣೆಯಲ್ಲಿ, ಅದೇ ಕಪಾಟಿನ ಆಚೆ ಕೂತು ಮತ್ತೆ ಚಕ್ರ ತಿರುಗಿಸುತ್ತಿತ್ತು. ಮುಂದಿನ ಸಭೆಯಲ್ಲಿ ಆ ಅಕ್ಕ ಸಾಲದ ಅರ್ಜಿ ವಾಪಸು ತೆಗೆದುಕೊಂಡರು. ಎರಡು ತಿಂಗಳ ಮೇಲೆ ಅದಕ್ಕಿಂತ ಚಿಕ್ಕ ಸಾಲ ಪಡೆದು ಹೊಲಿಗೆ ಮೆಷಿನಿಗೆ ಮೋಟಾರು ಹಾಕಿಸಿದರು. ಅದು ದುಡಿದು ಕೊಡುವ ಸಾಲ.

ಎಲ್ಲರಿಗೂ ಹೀಗೇ ಆಗುತ್ತದೆಂದು ನಾವು ಹೇಳುವುದಿಲ್ಲ. ಇನ್ನೊಂದು ಮನೆಯಲ್ಲಿ ಇದೇ ಕ್ರಮದಲ್ಲಿ ನೋಡಿದಾಗ ಫೋನೇ ಹಳತಾಗಿತ್ತು, ಬೇರೆ ದಾರಿ ಇರಲಿಲ್ಲ. ಆ ಸಂಘ ಸಾಲ ಕೊಟ್ಟಿತು, ಕೊಟ್ಟದ್ದು ಸರಿ. ಸಾಲ ಮಾಡಬಾರದು ಎನ್ನುವುದು ನಮ್ಮ ಮಾತಲ್ಲ. ತಡೆ ಎಲ್ಲಿದೆ ಎಂದು ತಿಳಿದ ಮೇಲೆ ಸಾಲದ ಮಾತಾಡೋಣ ಎನ್ನುವುದು ನಮ್ಮ ಮಾತು.

ಕೊನೆಗೆ ಒಂದು ಕೋರಿಕೆ. ಸಂಘದಲ್ಲಿ ಯಾರಾದರೂ ಮೊಬೈಲಿಗೆಂದು ಸಾಲ ಕೇಳಿದರೆ ಐದು ಪ್ರಶ್ನೆ ಕೇಳಿ, ಉತ್ತರವನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಬೇರೆ ವಿಡಿಯೋ ನೋಡಿದಿರಾ? ಬೇರೆ ಫೋನಿನಲ್ಲಿ ನೋಡಿದಿರಾ? ಡೇಟಾ ಉಳಿದಿತ್ತಾ? ವೈಫೈ, ಸಿಮ್ಮು ಎರಡರಲ್ಲೂ ನೋಡಿದಿರಾ? ಜಾಗ ಬದಲಿಸಿ ನೋಡಿದಿರಾ? ಇದನ್ನು ಕಲಿತವರು ಕಲಿಯದವರ ಮನೆಗೆ ಒಂದು ಗಳಿಗೆ ಹೋಗಿ ಬನ್ನಿ. ಈಗ ಎಲ್ಲರೂ ನಿಮ್ಮ ನಿಮ್ಮ ಫೋನ್ ತೆಗೆಯಿರಿ. ವಿಡಿಯೋದ ಗುಣಮಟ್ಟ ಇಳಿಸುವುದು ಎಲ್ಲಿ ಎಂದು ಇಲ್ಲೇ ಒಟ್ಟಿಗೆ ನೋಡೋಣ. ಗೊತ್ತಿದ್ದವರು ಪಕ್ಕದವರಿಗೆ ತೋರಿಸಿ.